ಕಡಲಿನ ಗೂಟವನ್ನು ನೋಡಿಕೊಳ್ಳುವವರಾರು?

ಹಸುವನ್ನು ನಿಲ್ಲಿಸಬೇಕಾದರೆ ಗೂಟಕ್ಕೆ ಕಟ್ಟುತ್ತೇವೆ. ಸೈಕಲ್ಲನ್ನು ನಿಲ್ಲಿಸಬೇಕಾದರೆ ಗೋಡೆಗೆ ಒರಗಿಸುತ್ತೇವೆ. ಮೋಟಾರನ್ನು ನಿಲ್ಲಿಸಬೇಕಾದರೆ, ಈ ಮುಂಬಯಿಯಲ್ಲಿ ಜಾಗ ಸಿಕ್ಕಿದ ಪಕ್ಷದಲ್ಲಿ, ಬ್ರೇಕು ಹಾಕಿ ಇಳಿದುಬಿಡುತ್ತೇವೆ. ದೋಣಿಯನ್ನು ನಿಲ್ಲಿಸುವುದು ಹೇಗೆ? ನೀರಿಗೆ ಗೋಡೆಯಿಲ್ಲ, ದೋಣಿಗೆ ಬ್ರೇಕಿಲ್ಲ. ಗಾಳಿ ಒಂದು ಕಡೆಗೆ ಎಳೆದರೆ ಭರತದ ನೀರು ಇನ್ನೊಂದು ಕಡೆಗೆ ಎಳೆಯುತ್ತದೆ. ಲಂಗರು ಹಾಕಿದರಾಯಿತು ಎನ್ನುವಿರಿ. ನಿಜ. ಆದರೆ ಲಂಗರಿಗಿಂತ ಸುಲಭವಾದ, ಸಮುದ್ರಕ್ಕೂ ಲಂಗರಿಗಿಂತ ಹಿತವಾದ ಇನ್ನೊಂದು ಏರ್ಪಾಡು ಉಂಟು. ಗೇಟ್‌ವೇ ಆಫ್ ಇಂಡಿಯಾದ ಕಟ್ಟೆಯ ಮೇಲೆ ನಿಂತು ಕಡಲೆಕಾಯಿ ತಿಂದವರೆಲ್ಲರೂ ಅದನ್ನು ಕಂಡಿದ್ದಾರೆ, ಗಮನಿಸಿದವರು ಕಡಮೆ. ಎದುರಿಗೆ ನಿಂತ ಹಾಯಿದೋಣಿಗಳ ಮೂತಿಯ ಮುಂದೆ ನೀರಿನಲ್ಲಿ ಒಂದೊಂದು ಗುಂಡನೆಯ ಉಂಡೆ ತೇಲುತ್ತಿರುತ್ತದೆ. ದೋಣಿಯ ಹಗ್ಗ ಅದಕ್ಕೆ ಕಟ್ಟಿರುತ್ತದೆ. ಇಂಗ್ಲಿಷಿನವರು ಅದನ್ನು ‘ಬಾಯ್’ ಎನ್ನುತ್ತಾರೆ. ಇಲ್ಲಿಯ ಬಂದರಿನ ಜನ ‘ಬೋಯಾ’ ಎನ್ನುತ್ತಾರೆ. ನಾವೂ ಹಾಗೆಯೇ ಕರೆಯೋಣ.

ನಮಗೆ ದೋಣಿಯಿಲ್ಲ, ಮುಂದೆ ಆಗುವ ಸಂಭವವೂ ಇಲ್ಲ. ಗುಮಾಸ್ತನ ಸಂಬಳಕ್ಕೆ ಎಟುಕುವ ದೋಣಿಯನ್ನು ನಮ್ಮ ಮಕ್ಕಳು ಮಳೆಗಾಲದಲ್ಲಿ ಹಳೆಯ ಕಾಗದದಿಂದ ಮಾಡಿಕೊಳ್ಳುತ್ತಾರೆ. ಹೀಗಿದ್ದೂ ಈ ವಿಷಯವನ್ನು ಎತ್ತಿಕೊಂಡದ್ದೇಕೆಂದರೆ, ಬೋಯಾದ ಕಥೆ ಮೇಲುನೋಟಕ್ಕೆ ಕಡಲಿನದಾದರೂ ಒಳಗೆ ಕಛೇರಿಯದು. ಸಾರ್ವಜನಿಕರಿಗೆಂದು ಒಂದು ವಸ್ತುವನ್ನು ಇಡುವುದು, ಅದು ಎಲ್ಲರಿಗೂ ಸಿಕ್ಕುವಂತೆ ಮಾಡುವುದು, ಆಮೇಲೆ ಅದು ಕೆಡದಂತೆ ನೋಡಿಕೊಳ್ಳುವುದು, ಈ ಮೂರರಲ್ಲಿ ಮೊದಲನೆಯದು ಸುಲಭ, ಎರಡನೆಯದು ಕಷ್ಟ, ಮೂರನೆಯದು ಯಾರಿಗೂ ಬೇಡವಾದದ್ದು. ಕಡತಗಳ ನಡುವೆ ಹತ್ತು ಹನ್ನೆರಡು ವರ್ಷ ಕಳೆದ ನಮಗೆ ಈ ಮಾತು ಹೊಸದಲ್ಲ. ಆದರೆ ನೆಲದ ಮೇಲೆ ಕೆಟ್ಟದ್ದು ಕಣ್ಣಿಗೆ ಬೀಳುತ್ತದೆ, ನೀರಿನೊಳಗೆ ಕೆಟ್ಟದ್ದು ಬೀಳುವುದಿಲ್ಲ. ಆದ್ದರಿಂದಲೇ ಬೋಯಾದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕೆನ್ನಿಸಿತು.

ತೇಲುವುದು ಒಂದು, ಹಿಡಿಯುವುದು ಇನ್ನೊಂದು

ನಮ್ಮ ಸಂಘದ ಕೆಲವು ಸಂಸಾರಗಳು ಕೂಡಿ ಎಲಿಫೆಂಟಾಕ್ಕೆ ಹೋಗಿದ್ದಾಗ ಲಾಂಚಿನಲ್ಲಿ ಕುಳಿತಿದ್ದ ಸ್ನೇಹಿತರ ಮಗಳು ಕೇಳಿದಳು: “ಆ ಚೆಂಡು ಅಷ್ಟು ದೊಡ್ಡ ದೋಣೀನ ಹೇಗೆ ಹಿಡ್ಕೊಂಡಿದೆ, ಮಾಮಾ?” ಪ್ರಶ್ನೆ ಸರಿಯಾದುದೇ. ಉತ್ತರವೆಂದರೆ, ಚೆಂಡು ಏನನ್ನೂ ಹಿಡಿದುಕೊಂಡಿಲ್ಲ. ಹಿಡಿದುಕೊಂಡಿರುವುದು ತಳದಲ್ಲಿ ಕಾಣದೆ ಕುಳಿತಿದೆ. ಚೆಂಡಿನ ಕೆಲಸ ಹಗ್ಗದ ತುದಿ ಮುಳುಗಿಹೋಗದಂತೆ ನೋಡಿಕೊಂಡು, ‘ಇಲ್ಲಿ ನಾನಿದ್ದೇನೆ’ ಎಂದು ಕೂಗಿ ಹೇಳುವುದು, ಅಷ್ಟೆ.

ತಳದಲ್ಲಿರುವುದು ಸಾಮಾನ್ಯವಾಗಿ ಒಂದು ಭಾರ. ಕೆಸರು ಅಥವಾ ಮರಳಿನ ತಳವಾದರೆ ಕಾಂಕ್ರೀಟಿನ ದಿಮ್ಮಿಯನ್ನೋ ಕಬ್ಬಿಣದ ಭಾರವನ್ನೋ ಇಳಿಬಿಡುತ್ತಾರೆ. ಅಥವಾ ಅಣಬೆಯ ಆಕಾರದ ಲಂಗರನ್ನು ಹೂಳುತ್ತಾರೆ. ಅಥವಾ ತಿರುಪಿನ ಮೊಳೆಯಂಥ ದೊಡ್ಡ ಉಕ್ಕಿನ ಸಲಾಕೆಯನ್ನು ತಳಕ್ಕೆ ತಿರುಗಿಸಿ ಇಳಿಸುತ್ತಾರೆ. ಭಾರದಿಂದ ದಪ್ಪ ಸರಪಳಿ, ಸರಪಳಿಯಿಂದ ಮೇಲೆ ಸಣ್ಣ ಸರಪಳಿ ಅಥವಾ ಹಗ್ಗ, ಕೊನೆಗೆ ಬೋಯಾ. ಒಂದೊಂದು ಸೇರುವೆಯಲ್ಲೂ ತಿರುಪು ಹಾಕಿದ ಕಬ್ಬಿಣದ ಕೊಂಡಿ. ನಡುವೆ ದೋಣಿ ಸುತ್ತಿದರೂ ಸರಪಳಿ ಹುರಿಗಟ್ಟದಂತೆ ತಿರುಗುವ ಒಂದು ಕೀಲು.

ಇಲ್ಲಿ ಎಲ್ಲರೂ ತಪ್ಪುವ ಒಂದು ಲೆಕ್ಕವನ್ನು ಹೇಳಿಬಿಡುವುದು ಒಳ್ಳೆಯದು. ದಡದ ಮೇಲೆ 1,000 ಕಿಲೋ ತೂಗುವ ಕಾಂಕ್ರೀಟು ಸಮುದ್ರದ ನೀರಿನಲ್ಲಿ ಸುಮಾರು 570 ಕಿಲೋ ಮಾತ್ರ ತೂಗುತ್ತದೆ. ನೀರು ತನ್ನ ಪಾಲನ್ನು ಎತ್ತಿಕೊಳ್ಳುತ್ತದೆ. ಆರ್ಕಿಮಿಡೀಸನ ತತ್ತ್ವವನ್ನು ಹೈಸ್ಕೂಲಿನಲ್ಲಿ ಉರುಹೊಡೆದು ಪರೀಕ್ಷೆ ಮುಗಿದೊಡನೆ ಮರೆತವರು ಈ ದಿಮ್ಮಿಯನ್ನು ಇಳಿಸಿದರೆ ದೋಣಿಯ ಗತಿ ಏನಾದೀತು! ಅದೇ ತೂಕದ ಕಬ್ಬಿಣವಾದರೆ ಕಳೆದುಕೊಳ್ಳುವುದು ಎಂಟರಲ್ಲಿ ಒಂದು ಪಾಲು. ಮೇಲಾಗಿ ಗಾಳಿಯ ಲೆಕ್ಕ ಇನ್ನೂ ಕಟುವಾದುದು. ಗಾಳಿಯ ವೇಗ ಎರಡರಷ್ಟಾದರೆ ಅದು ದೋಣಿಯನ್ನು ನೂಕುವ ಬಲ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಸಂಜೆಯ ತಂಗಾಳಿಗೆ ಮಗುವಿನಂತೆ ನಿಂತ ದೋಣಿ ರಾತ್ರಿಯ ಬಿರುಗಾಳಿಗೆ ಗೂಳಿಯಂತೆ ಜಗ್ಗುವುದು ಇದರಿಂದಲೇ.

ಇನ್ನೊಂದು ಮಾತು. ನೀರಿನಲ್ಲಿ ತೇಲುವ ಬೋಯಾಗಳೆಲ್ಲ ಕಟ್ಟುವ ಬೋಯಾಗಳಲ್ಲ. ಬಂದರಿನ ದಾರಿಯ ಎರಡು ಪಕ್ಕಗಳಲ್ಲಿ ಕಾಣುವ ಕೆಂಪು, ಹಸಿರು ಬೋಯಾಗಳು ಹಡಗುಗಳಿಗೆ ದಾರಿ ತೋರಿಸಲು ಇಟ್ಟವು. ಅವುಗಳಿಗೆ ದೋಣಿ ಕಟ್ಟುವುದೆಂದರೆ ರಸ್ತೆಯ ಸಿಗ್ನಲ್ ಕಂಬಕ್ಕೆ ಎಮ್ಮೆ ಕಟ್ಟಿದ ಹಾಗೆ. ಅಮೆರಿಕದಲ್ಲಿ ಕಟ್ಟುವ ಬೋಯಾಕ್ಕೆ ಬಿಳಿಯ ಬಣ್ಣ ಬಳಿದು ಸುತ್ತಲೂ ನೀಲಿಯ ಪಟ್ಟಿ ಹಾಕುವುದು ನಿಯಮ. ನೀಲಿ ಪಟ್ಟಿ ಕಂಡರೆ ಹಗ್ಗ ತೆಗೆಯಬಹುದು, ಇಲ್ಲದಿದ್ದರೆ ದೂರ ಸರಿಯಬೇಕು ಎಂಬುದು ಅಲ್ಲಿಯ ಮಕ್ಕಳಿಗೂ ಗೊತ್ತು.

ಲಂಗರು ಮಾಡುವ ಗಾಯ

ದೋಣಿಯಲ್ಲೇ ಲಂಗರಿರುವಾಗ ಈ ಖರ್ಚೆಲ್ಲ ಏತಕ್ಕೆ ಎಂಬ ಸಂಶಯ ವಾಚಕರಿಗೆ ಬರಬಹುದು. ಅದಕ್ಕೆ ಎರಡು ಉತ್ತರಗಳಿವೆ.

ಮೊದಲನೆಯದು ಜಾಗದ ಲೆಕ್ಕ. ಲಂಗರು ತಳವನ್ನು ಕಚ್ಚಿ ಹಿಡಿಯಬೇಕಾದರೆ ಹಗ್ಗ ನೀರಿನ ಆಳದ ಐದರಷ್ಟಾದರೂ ಉದ್ದವಿರಬೇಕು, ಗಾಳಿಯಿದ್ದರೆ ಏಳರಷ್ಟು. ಇಳಿತದಲ್ಲಿ ಆರು ಮೀಟರ್ ಆಳವಿರುವ ಜಾಗದಲ್ಲಿ ಭರತ ನಾಲ್ಕು ಮೀಟರ್ ಏರಿತೆನ್ನಿ. ಆಳ ಹತ್ತು ಮೀಟರಾಯಿತು. ಹಗ್ಗ ಐವತ್ತು ಮೀಟರ್ ಬೇಕಾಯಿತು. ಗಾಳಿ ತಿರುಗಿದಂತೆಲ್ಲ ದೋಣಿ ಐವತ್ತು ಮೀಟರಿನ ಆಚೆಗೂ ವರ್ತುಲ ಹಾಕುತ್ತದೆ. ನೆಲೆಯಾಗಿ ಹೂತ ಬೋಯಾಕ್ಕೆ ಆಳದ ಎರಡು ಮೂರರಷ್ಟು ಸರಪಳಿ ಸಾಕು. ಒಂದು ಲಂಗರು ನುಂಗುವ ಜಾಗದಲ್ಲಿ ನಾಲ್ಕು ದೋಣಿಗಳು ಬೋಯಾಕ್ಕೆ ಕಟ್ಟಿಸಿಕೊಂಡು ನೆಮ್ಮದಿಯಾಗಿ ನಿಲ್ಲಬಹುದು. ಒಂದು ಕೋಣೆಯಲ್ಲಿ ಆರು ಜನ ಮಲಗುವ ವಿದ್ಯೆಯನ್ನು ಬಲ್ಲ ನಮ್ಮ ಮುಂಬಯಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಎರಡನೆಯ ಉತ್ತರ ಹೆಚ್ಚು ಗಂಭೀರವಾದುದು. ಲಂಗರು ಎಲ್ಲಿ ಬೀಳುತ್ತದೆ ಎಂಬುದನ್ನು ಎಸೆಯುವವನು ನೋಡಲಾರ. ಕೆಸರಿನ ಮೇಲೆ ಬಿದ್ದರೆ ಚಿಂತೆಯಿಲ್ಲ. ಹವಳದ ಮೇಲೆ ಬಿದ್ದರೆ ಅದು ಕೊಡಲಿಯ ಏಟು. ಹವಳವೆಂಬುದು ಕಲ್ಲಲ್ಲ, ಪ್ರಾಣಿ. ಕೋಟ್ಯಂತರ ಪುಟ್ಟ ಜೀವಿಗಳು ಕೂಡಿ ಕಟ್ಟಿದ ಮನೆ. ಗುಂಡು ಬಂಡೆಯಂತೆ ಬೆಳೆಯುವ ಜಾತಿಯ ಹವಳ ವರ್ಷಕ್ಕೆ ಒಂದು ಸೆಂಟಿಮೀಟರಿನ ಆಚೀಚೆ ಬೆಳೆದರೆ ಹೆಚ್ಚು. ಆಳೆತ್ತರದ ಒಂದು ಹವಳದ ದಿಬ್ಬವೆಂದರೆ ನಮ್ಮ ಮುತ್ತಜ್ಜನ ಕಾಲಕ್ಕೂ ಹಿಂದಿನಿಂದ ಬೆಳೆದುಬಂದದ್ದು. ಅದನ್ನು ಭಾನುವಾರದ ವಿಹಾರಕ್ಕೆಂದು ಬಂದ ಒಂದು ದೋಣಿಯ ಲಂಗರು ಒಂದು ನಿಮಿಷದಲ್ಲಿ ಮುರಿಯುತ್ತದೆ. ಎಳೆದಾಡುವ ಸರಪಳಿ ಅದರ ಸುತ್ತಲಿನದನ್ನು ಅರೆಯುತ್ತದೆ. ನೋಡಲು ಬಂದವರೇ ನೋಡತಕ್ಕದ್ದನ್ನು ಕೆಡಿಸಿ ಹೋಗುವುದಾಯಿತು.

ಇದಕ್ಕೆ ಉಪಾಯ ಕಂಡುಹಿಡಿದದ್ದು ಅಮೆರಿಕದ ಫ್ಲಾರಿಡಾದ ದಕ್ಷಿಣ ತುದಿಯಲ್ಲಿ. ಅಲ್ಲಿ ಸಾಲಾಗಿ ಕಿರಿದ್ವೀಪಗಳು. ಅವುಗಳ ಹೊರಬದಿಯಲ್ಲಿ ಹವಳದ ದಿಬ್ಬಗಳು. ಮೀನು ನೋಡುವವರು, ಮುಳುಗುವವರು, ಸುಮ್ಮನೆ ಬಿಸಿಲು ಕಾಯುವವರು ನೂರಾರು ದೋಣಿಗಳಲ್ಲಿ ಬರುತ್ತಾರೆ. ಕೀ ಲಾರ್ಗೋ ಎಂಬಲ್ಲಿಯ ಕಡಲನ್ನು 1975ರಲ್ಲಿ ರಕ್ಷಿತ ಪ್ರದೇಶವೆಂದು ಸಾರಿದರು. ಸಾರಿದ ಮಾತ್ರಕ್ಕೆ ಲಂಗರು ಬೀಳುವುದು ನಿಲ್ಲುತ್ತದೆಯೆ? ಅಲ್ಲಿ ಕೆಲಸಕ್ಕಿದ್ದ ಜಾನ್ ಹಾಲಸ್ ಎಂಬ ಜೀವಶಾಸ್ತ್ರಜ್ಞರು 1981ರಲ್ಲಿ ಫ್ರೆಂಚ್ ರೀಫ್ ಎಂಬ ದಿಬ್ಬದಲ್ಲಿ ಹೊಸ ಬಗೆಯ ಬೋಯಾಗಳನ್ನು ಹಾಕಿದರು. ಭಾರವನ್ನು ಇಳಿಬಿಡುವ ಬದಲು, ಜೀವವಿಲ್ಲದ ತಳದ ಬಂಡೆಯಲ್ಲಿ ಒಂದೂವರೆ ಎರಡು ಅಡಿ ಆಳದ ರಂಧ್ರ ಕೊರೆದು, ತುಕ್ಕು ಹಿಡಿಯದ ಉಕ್ಕಿನ ಬಳೆಮೊಳೆಯನ್ನು ಸಿಮೆಂಟಿನಿಂದ ಕೂರಿಸಿದರು. ಸರಪಳಿಯ ಬದಲು ನೀರಿನಲ್ಲಿ ತೇಲುವ ಜಾತಿಯ ಹಗ್ಗ ಕಟ್ಟಿದರು. ಅದು ತಳವನ್ನು ಉಜ್ಜುವುದಿಲ್ಲ. ಹಗ್ಗವನ್ನು ಬೋಯಾದ ನಡುವಿನಿಂದಲೇ ಹಾಯಿಸಿದರು; ಆದ್ದರಿಂದ ದೋಣಿಯ ಎಳೆತ ಹಗ್ಗದ ಮೇಲೆ ಬೀಳುತ್ತದೆಯೇ ಹೊರತು ಬೋಯಾದ ಮೇಲೆ ಬೀಳುವುದಿಲ್ಲ. ಉಪಾಯ ಸರಳ, ಖರ್ಚು ಹಿಡಿತದಲ್ಲಿತ್ತು. ಅಲ್ಲಿಂದ ಈ ಪದ್ಧತಿ ಲೋಕದ ಎಷ್ಟೋ ಹವಳದ ನಾಡುಗಳಿಗೆ ಹರಡಿತು.

ಬೋಯಾವೇ ಗಾಯಮಾಡುವುದೂ ಉಂಟೆಂಬುದನ್ನು ಮುಚ್ಚಿಡಬಾರದು. ಕಡಲಹುಲ್ಲು ಬೆಳೆದ ತಳದಲ್ಲಿ ಹಳೆಯ ರೀತಿಯ ಭಾರವಾದ ಸರಪಳಿಯನ್ನು ಹಾಕಿದರೆ ಅದು ದೋಣಿಯೊಡನೆ ಸುತ್ತಿ ಸುತ್ತಿ ಹುಲ್ಲನ್ನೆಲ್ಲ ಬೋಳಿಸುತ್ತದೆ. ಮೇಲಿನಿಂದ ನೋಡಿದರೆ ಕಣದಲ್ಲಿ ಮೇಟಿಯ ಸುತ್ತ ದನ ತುಳಿದ ಹಾಗೆ ದುಂಡನೆಯ ಬೋಳು. ಇಂಥ ಕಡೆಗಳಲ್ಲಿ ಈಗ ಹಿಗ್ಗಿ ಕುಗ್ಗುವ, ತಳಕ್ಕೆ ತಾಗದ ಹಗ್ಗವನ್ನು ಹಾಕುತ್ತಿದ್ದಾರೆ. ಯಾವ ತಳಕ್ಕೆ ಯಾವ ಬೋಯಾ ಎಂಬುದನ್ನು ತಿಳಿದು ಹಾಕಬೇಕಾದದ್ದು ಮೊದಲ ಕರ್ತವ್ಯ.

ಮೊದಲು ಬಂದವರಿಗೆ ಮೊದಲು

ಬೋಯಾ ಹಾಕಿದ ಮೇಲೆ ಹುಟ್ಟುವ ಪ್ರಶ್ನೆ: ಇದು ಯಾರಿಗೆ? ಹತ್ತು ಬೋಯಾ, ಮೂವತ್ತು ದೋಣಿ. ನಮ್ಮ ಕಛೇರಿಗಳಲ್ಲಾದರೆ ಅರ್ಜಿ ಕರೆದು, ಅಂಗೀಕರಿಸಿ, ಆಕ್ಷೇಪಣೆಗೆ ಹದಿನೈದು ದಿನ ಕೊಟ್ಟು, ಅಷ್ಟರಲ್ಲಿ ದೋಣಿಯವರೆಲ್ಲ ಮನೆಗೆ ಹೋಗುತ್ತಿದ್ದರು. ಬೇರೆ ಬೇರೆ ನಾಡುಗಳವರು ಇದನ್ನು ಬಗೆಹರಿಸಿಕೊಂಡ ರೀತಿ ನೋಡತಕ್ಕದ್ದು.

ಫ್ಲಾರಿಡಾದ ದ್ವೀಪಗಳ ಸುತ್ತಣ ಕಡಲೆಲ್ಲ 1990ರಿಂದ ಒಂದೇ ರಕ್ಷಿತ ಪ್ರದೇಶ. ಅಲ್ಲಿ ಈಗ 400ಕ್ಕೂ ಮೇಲ್ಪಟ್ಟು ಸಾರ್ವಜನಿಕ ಬೋಯಾಗಳಿವೆ. ಶುಲ್ಕವಿಲ್ಲ, ಮುಂಗಡ ಗೊತ್ತುಮಾಡುವುದಿಲ್ಲ, ಮೊದಲು ಬಂದವರಿಗೆ ಮೊದಲು. ದೊಡ್ಡ ದೋಣಿ, ಸಣ್ಣ ದೋಣಿ ಎಂಬ ಮರ್ಯಾದೆಯ ಭೇದವಿಲ್ಲ.

ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿಯೂ ಸಾರ್ವಜನಿಕ ಬೋಯಾಗಳಿಗೆ ಹಣ ಕೊಡಬೇಕಾಗಿಲ್ಲ; ಆದರೆ ಅಲ್ಲಿ ಬೋಯಾವೇ ತನ್ನ ನಿಯಮವನ್ನು ಮೈಮೇಲೆ ಬರೆದುಕೊಂಡಿರುತ್ತದೆ. ಅದರ ಬಣ್ಣದ ಪಟ್ಟಿಯನ್ನೂ ಚೀಟಿಯನ್ನೂ ನೋಡಿದರೆ ಎಷ್ಟು ಉದ್ದದ ದೋಣಿಯನ್ನು ಕಟ್ಟಬಹುದು, ಎಂಥ ಗಾಳಿಯವರೆಗೆ ಕಟ್ಟಬಹುದು, ಎಷ್ಟು ಹೊತ್ತು ಇರಬಹುದು ಎಂಬುದೆಲ್ಲ ತಿಳಿಯುತ್ತದೆ. ಹಗಲಿನಲ್ಲಿ ಕೆಲವಕ್ಕೆ ಎರಡು ಗಂಟೆ, ಕೆಲವಕ್ಕೆ ನಾಲ್ಕು ಗಂಟೆ. ಒಂದು ಬೋಯಾಕ್ಕೆ ಒಂದೇ ದೋಣಿ. ಗೆಳೆಯರ ದೋಣಿಯೆಂದು ಪಕ್ಕಕ್ಕೆ ಇನ್ನೊಂದನ್ನು ಕಟ್ಟಿಕೊಳ್ಳುವಂತಿಲ್ಲ. ಏಕೆಂದರೆ ತಳದ ಭಾರವನ್ನು ಲೆಕ್ಕ ಹಾಕಿದ್ದು ಒಂದಕ್ಕೆ. ಲಂಗರು ಹಾಕಲೇಬಾರದ ಜಾಗಗಳ ಎಲ್ಲೆಯನ್ನು ಗೋಪುರದಾಕಾರದ ಬಿಳಿಯ ತೇಲುಗುರುತುಗಳಿಂದ ತೋರಿಸಿರುತ್ತಾರೆ.

ಅಮೆರಿಕದ ವಾಯುವ್ಯ ಮೂಲೆಯ ವಾಷಿಂಗ್‌ಟನ್ ಸಂಸ್ಥಾನದ ರೀತಿ ಮೂರನೆಯದು. ಅಲ್ಲಿಯ ಕಡಲ ಉದ್ಯಾನಗಳಲ್ಲಿ ಸರಕಾರದ ಬೋಯಾಗಳಿವೆ. ರಾತ್ರಿ ನಿಂತರೆ ಶುಲ್ಕ. ವಸೂಲಿಗೆ ಪ್ರತಿ ದ್ವೀಪದಲ್ಲೂ ಒಬ್ಬ ಗುಮಾಸ್ತನನ್ನು ಕೂರಿಸಿಲ್ಲ (ನಮ್ಮ ಜಾತಿಗೆ ಅಷ್ಟು ನಷ್ಟ). ದಡದಲ್ಲಿ ಒಂದು ಪೆಟ್ಟಿಗೆ, ಪಕ್ಕದಲ್ಲಿ ಲಕೋಟೆಗಳು. ಬಂದವರು ತಾವೇ ದೋಣಿಯ ವಿವರ ಬರೆದು ಹಣವಿಟ್ಟು ಹಾಕಬೇಕು. ಮೇಲಿಂದ ಮೇಲೆ ಬರುವವರು ವರ್ಷದ ಪಾಸು ಕೊಳ್ಳಬಹುದು. ಯಾರೇ ಆದರೂ ಒಂದು ಜಾಗದಲ್ಲಿ ಒಟ್ಟಿಗೆ ಮೂರು ರಾತ್ರಿಗಿಂತ ಹೆಚ್ಚು ನಿಲ್ಲುವಂತಿಲ್ಲ.

ಮೂರು ನಾಡುಗಳ ಪದ್ಧತಿ ಮೂರು ಬಗೆ. ಒಳಗಿನ ತತ್ತ್ವ ಒಂದೇ. ಸಾರ್ವಜನಿಕ ವಸ್ತುವೆಂದರೆ ಎಲ್ಲರದೂ ಹೌದು, ಯಾರದೂ ಅಲ್ಲವೆಂದಲ್ಲ. ಹೊತ್ತಿನ ಮಿತಿ ಇಲ್ಲದಿದ್ದರೆ ಮೊದಲು ಬಂದವನು ಮನೆಯನ್ನೇ ಹೂಡುತ್ತಾನೆ. ಬೇಸಿಗೆಯ ರಜೆಯಲ್ಲಿ ರೈಲಿನ ಕಿಟಕಿಯ ಪಕ್ಕದ ಸ್ಥಳದ ಮೇಲೆ ಟವಲು ಹಾಸುವ ನಮ್ಮ ಜನಕ್ಕೆ ಇದು ತಿಳಿಯದ ವಿಷಯವಲ್ಲ.

ಸವೆಯುವುದು ಎಲ್ಲಿ?

ಈಗ ಯಾರಿಗೂ ಬೇಡವಾದ ಮೂರನೆಯ ಭಾಗಕ್ಕೆ ಬರೋಣ. ಹಾಕಿದ ಬೋಯಾ ಹಾಕಿದ ಹಾಗೆಯೇ ಇರುವುದಿಲ್ಲ. ಉಪ್ಪುನೀರಿಗೆ ರಜೆಯಿಲ್ಲ, ಹಗಲಿರುಳು ಅದು ಕಬ್ಬಿಣವನ್ನು ತಿನ್ನುತ್ತಿರುತ್ತದೆ. ಆದರೆ ಎಲ್ಲೆಡೆಯೂ ಒಂದೇ ಸಮನಾಗಿ ತಿನ್ನುವುದಿಲ್ಲ. ತಳದ ಕೆಸರಿನಲ್ಲಿ ಹೂತ ಸರಪಳಿ ಎಷ್ಟೋ ಕಾಲ ಬಾಳುತ್ತದೆ. ಅತಿ ಬೇಗ ಸವೆಯುವುದು ಸರಪಳಿ ತಳವನ್ನು ಮುಟ್ಟಿ ಏಳುವ ಜಾಗ. ದೋಣಿ ಒಂದೊಂದು ಅಲೆಗೂ ಎದ್ದಾಗ ಅಲ್ಲಿಯ ಕೊಂಡಿಗಳು ಏಳುತ್ತವೆ, ಬಿದ್ದಾಗ ಬೀಳುತ್ತವೆ. ನಡುವೆ ಸಿಕ್ಕ ಮರಳು ಅರದಂತೆ ಉಜ್ಜುತ್ತದೆ. ಮೇಲೆ ಬೋಯಾ ಹೊಸ ಮದುಮಗನ ಹಾಗೆ ಹೊಳೆಯುತ್ತಿರುವಾಗ ಕೆಳಗೆ ಕೊಂಡಿ ಕಡ್ಡಿಯಾಗಿರಬಹುದು.

ಸವೆತದ ಲೆಕ್ಕವೂ ಕಣ್ಣಿಗೆ ಮೋಸಮಾಡುತ್ತದೆ. ಕೊಂಡಿಯ ದಪ್ಪ ಅರ್ಧವಾದರೆ ಬಲ ಅರ್ಧವಾಗಿದೆಯೆಂದು ತಿಳಿಯುವುದು ಸಹಜ. ಹಾಗಲ್ಲ. ಉಳಿದ ಕಬ್ಬಿಣ ಕಾಲುಭಾಗ, ಬಲವೂ ಸುಮಾರು ಕಾಲುಭಾಗ. ಇತ್ತ ಬಲ ಕಾಲುಭಾಗವಾದ ದಿನವೇ ಅತ್ತ ಗಾಳಿ ಎರಡರಷ್ಟಾಗಿ ಎಳೆತ ನಾಲ್ಕರಷ್ಟಾದರೆ ಆ ರಾತ್ರಿ ದೋಣಿ ದಡದ ಕಲ್ಲಿನ ಮೇಲಿರುತ್ತದೆ. ದೋಣಿಯೊಳಗೆ ನಂಬಿ ಮಲಗಿದ ಸಂಸಾರವೂ ಇರುತ್ತದೆ.

ಬೇರೆ ರೋಗಗಳೂ ಇವೆ. ತುಕ್ಕು ಹಿಡಿಯದ ಉಕ್ಕಿನ ಕೊಂಡಿಯನ್ನು ಸತುವಿನ ಲೇಪದ ಸಾಮಾನ್ಯ ಸರಪಳಿಗೆ ಸೇರಿಸಿದರೆ ಉಪ್ಪುನೀರಿನಲ್ಲಿ ಎರಡೂ ಕೂಡಿ ವಿದ್ಯುತ್ ಕೋಶದಂತೆ ಕೆಲಸಮಾಡಿ ಸರಪಳಿ ಬೇಗ ಕರಗುತ್ತದೆ. ದುಬಾರಿಯ ವಸ್ತು ಹಾಕಿದೆವೆಂಬ ಸಮಾಧಾನವೇ ಮುಳುವಾಗುತ್ತದೆ. ಕೊಂಡಿಯ ತಿರುಪನ್ನು ತಂತಿಯಿಂದ ಬಿಗಿಯದಿದ್ದರೆ ಅದು ಅಲುಗಾಟಕ್ಕೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ತಿರುಗುವ ಕೀಲು ತುಕ್ಕಿನಿಂದ ಕಚ್ಚಿಕೊಂಡರೆ ಸರಪಳಿ ಹುರಿಗಟ್ಟುತ್ತದೆ. ಹಗ್ಗವಾದರೆ ಬಿಸಿಲಿಗೆ ನಾರುನಾರಾಗಿ ಸುಲಿಯುತ್ತದೆ. ದೋಣಿಯ ಪ್ರೊಪೆಲ್ಲರು ತಾಗಿ ಕತ್ತರಿಸಿಹೋಗುವುದೂ ಉಂಟು. ಬೆಚ್ಚನೆಯ ನೀರಿನಲ್ಲಿ ಪಾಚಿ, ಚಿಪ್ಪುಜೀವಿಗಳು ತಿಂಗಳುಗಳಲ್ಲೇ ಮೆತ್ತಿಕೊಂಡು ಬೋಯಾವನ್ನೇ ಮುಳುಗಿಸುವಷ್ಟು ಭಾರವಾಗುತ್ತವೆ. ದೊಡ್ಡ ಬಿರುಗಾಳಿ ಬಂದರಂತೂ ಕೇಳಬೇಡಿ. 2017ರ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಫ್ಲಾರಿಡಾದ ಆ ದ್ವೀಪಗಳ ಮೇಲೆಯೇ ಹಾದುಹೋಯಿತು. ಅಲ್ಲಿಯ ಬೋಯಾ ಪಾಲಕರಿಗೆ ಮುಳುಗಿ ಹುಡುಕಿ ಮತ್ತೆ ಕಟ್ಟುವ ಕೆಲಸ ಬಿತ್ತು.

ಇದಕ್ಕೆಲ್ಲ ಔಷಧ ಒಂದೇ: ಗೊತ್ತಾದ ದಿನದಲ್ಲಿ ಗೊತ್ತಾದ ಮನುಷ್ಯ ಮುಳುಗಿ ನೋಡಿ, ಅಳೆದು, ಬರೆದಿಡುವುದು. ವರ್ಷಕ್ಕೊಮ್ಮೆಯಾದರೂ, ಜನಸಂದಣಿಯ ಜಾಗದಲ್ಲಿ ಇನ್ನೂ ಬೇಗ ಬೇಗ. ಪ್ರತಿ ಬೋಯಾಕ್ಕೂ ಒಂದು ಸಂಖ್ಯೆ. ಪ್ರತಿ ಸಂಖ್ಯೆಗೂ ರಿಜಿಸ್ಟರಿನಲ್ಲಿ ಒಂದು ಪುಟ. ಹಾಕಿದ ದಿನ, ತಳದ ಬಗೆ, ಸರಪಳಿಯ ದಪ್ಪ, ಕಳೆದ ಸಲ ಅಳೆದಾಗ ಎಷ್ಟಿತ್ತು, ಈ ಸಲ ಎಷ್ಟಿದೆ, ಯಾವ ಕೊಂಡಿ ಬದಲಾಯಿತು, ನೋಡಿದವರು ಯಾರು. ಗುಮಾಸ್ತರು ಬರೆಯುವ ರಿಜಿಸ್ಟರನ್ನು ಹಾಸ್ಯಮಾಡುವವರು ಬಹಳ ಜನ. ಆದರೆ ಕತ್ತಲಲ್ಲಿ, ಬಿರುಗಾಳಿಯಲ್ಲಿ, ದೋಣಿಯನ್ನು ಹಿಡಿದು ನಿಲ್ಲಿಸುವುದು ಸರಪಳಿಯಾದರೆ, ಆ ಸರಪಳಿಯನ್ನು ಹಿಡಿದು ನಿಲ್ಲಿಸುವುದು ಆ ಪುಟ. ಸರಪಳಿಯ ಮೊದಲನೆಯ ಕೊಂಡಿ ಕಛೇರಿಯಲ್ಲಿರುತ್ತದೆ ಎಂದರೆ ತಪ್ಪಾಗಲಾರದು.

ಕಟ್ಟುವವನ ಪಾಲಿನ ಕೆಲಸವೂ ಇದೆ. ಒಳ್ಳೆಯ ನಾವಿಕ ಬೋಯಾವನ್ನು ಕಂಡೊಡನೆ ನಂಬುವುದಿಲ್ಲ. ಮೇಲಿನ ಹಗ್ಗವನ್ನು ಎತ್ತಿ ಸುಲಿದಿದೆಯೆ ನೋಡುತ್ತಾನೆ. ನೀರು ತಿಳಿಯಾಗಿದ್ದರೆ ಕೆಳಗೂ ಇಣುಕುತ್ತಾನೆ. ಕಟ್ಟಿದ ಮೇಲೆ ಎಂಜಿನನ್ನು ಹಿಮ್ಮುಖವಾಗಿ ಮೆಲ್ಲಗೆ ನಡೆಸಿ ಜಗ್ಗಿ ನೋಡುತ್ತಾನೆ. ಕೆಟ್ಟದ್ದನ್ನು ಕಂಡರೆ ಸಂಖ್ಯೆ ಗುರುತುಮಾಡಿಕೊಂಡು ತಿಳಿಸುತ್ತಾನೆ. ಹಿಂದಿನಿಂದ ಬರುವವನು ನೋಡಿಕೊಳ್ಳಲಿ ಎಂದು ಹೋಗಿಬಿಡುವುದಿಲ್ಲ.

ಕೆರೆ ಕಟ್ಟಿಸಿದವರ ಬುದ್ಧಿ

ನಮಗೆ ಪರಿಚಯವಿರುವ ಒಂದು ಕಛೇರಿಗೆ (ಹೆಸರು ಬೇಡ) ಒಂದು ಸಲ ಕುಡಿಯುವ ನೀರನ್ನು ತಂಪುಮಾಡುವ ಯಂತ್ರ ಬಂದಿತು. ದೊಡ್ಡ ಸಾಹೇಬರು ಟೇಪು ಕತ್ತರಿಸಿದರು, ಪೇಡೆ ಹಂಚಿದರು. ಎಂಟು ತಿಂಗಳ ಮೇಲೆ ಅದು ಕೆಟ್ಟಿತು. ಕೊಳ್ಳುವುದಕ್ಕೆ ಒಂದು ಬಾಬಿನಲ್ಲಿ ಹಣವಿತ್ತು. ದುರಸ್ತಿಗೆ ಯಾವ ಬಾಬಿನಲ್ಲೂ ಇರಲಿಲ್ಲ. ನಾವು ಮೂರು ವರ್ಷ ಅದನ್ನು ಹಾದುಹೋದೆವು. ಅದರ ಮೇಲೆ ಹಳೆಯ ಕಡತಗಳು ಏರಿದವು. ಕೊನೆಗೆ ಬಂದದ್ದು ದುರಸ್ತಿಯವನಲ್ಲ, ಎರಡನೆಯ ಯಂತ್ರ. ಮತ್ತೆ ಟೇಪು, ಮತ್ತೆ ಪೇಡೆ.

ಇದು ಯಾವ ಒಂದು ಕಛೇರಿಯ ದೋಷವೂ ಅಲ್ಲ. ಹೊಸದನ್ನು ಸ್ಥಾಪಿಸುವುದಕ್ಕೆ ಸಮಾರಂಭವುಂಟು, ಫೋಟೋ ಉಂಟು. ಇದ್ದದ್ದನ್ನು ನೋಡಿಕೊಳ್ಳುವುದಕ್ಕೆ ಹಾರವೂ ಇಲ್ಲ, ಭಾಷಣವೂ ಇಲ್ಲ. ಸರಿಯಾಗಿ ನೋಡಿಕೊಂಡ ಬೋಯಾದ ಫಲವೆಂದರೆ ಏನೂ ಆಗದಿರುವುದು. ಏನೂ ಆಗದಿರುವುದನ್ನು ಯಾರು ಫೋಟೋ ಹಿಡಿಯುತ್ತಾರೆ?

ಇದನ್ನು ಕಂಡು ನಮ್ಮ ಜನದ ಸ್ವಭಾವವೇ ಇಷ್ಟು ಎನ್ನುವವರಿದ್ದಾರೆ. ನಾವು ಒಪ್ಪಲಾರೆವು. ಕನ್ನಡನಾಡಿನ ಹಳೆಯ ಶಾಸನಗಳನ್ನು ತೆಗೆದು ನೋಡಿ. ಕೆರೆ ಕಟ್ಟಿಸಿದ ಸುದ್ದಿಯನ್ನು ಹೇಳುವ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆಯ ಕೆಳಗಿನ ನೆಲದಲ್ಲೋ ಬೆಳೆಯಲ್ಲೋ ಒಂದು ಪಾಲನ್ನು ಕೆರೆಯ ಸಲುವಾಗಿಯೇ ಬಿಟ್ಟುಕೊಡುವ ಏರ್ಪಾಡು ಅದು. ಹೂಳು ತೆಗೆದು ಹೊರುವ ಬಂಡಿಯ ಖರ್ಚಿಗೆಂದು ನೆಲ ಬಿಟ್ಟ ಶಾಸನಗಳೂ ಉಂಟು. ಕೆರೆ ಕಟ್ಟಿದ ದಿನವೇ ಅದರಲ್ಲಿ ಹೂಳು ತುಂಬತೊಡಗುತ್ತದೆ ಎಂಬುದನ್ನು ಬಲ್ಲ ಜನ ಅವರು. ಕಟ್ಟುವ ಖರ್ಚಿನೊಡನೆಯೇ ಕಾಯುವ ಖರ್ಚನ್ನೂ ಕಲ್ಲಿನ ಮೇಲೆ ಬರೆಸಿದರು. ಬೋಯಾ ಹಾಕುವ ಯಾವ ಇಲಾಖೆಯೇ ಆಗಲಿ, ಅದು ಪರದೇಶದಿಂದ ಕಲಿಯಬೇಕಾದ್ದು ರಂಧ್ರ ಕೊರೆಯುವ ವಿದ್ಯೆಯನ್ನು ಮಾತ್ರ. ಬಿತ್ತುವಟ್ಟದ ವಿದ್ಯೆ ಮನೆಯಲ್ಲೇ ಇದೆ.

ನಮ್ಮ ನೀರಿನಲ್ಲಿ

ಮುಂಬಯಿ ಬಂದರಿನಲ್ಲಿ ವಿಹಾರದ ಹಾಯಿದೋಣಿಗಳು ಹೊಸವಲ್ಲ. ರಾಯಲ್ ಬಾಂಬೆ ಯಾಟ್ ಕ್ಲಬ್ ಹುಟ್ಟಿದ್ದು 1846ರಲ್ಲಿ. 1924ರಲ್ಲಿ ಉದ್ಘಾಟನೆಯಾದ ಗೇಟ್‌ವೇಗಿಂತ ಅದು ಹಳೆಯದು. ಇಲ್ಲಿ ಅಕ್ಟೋಬರಿನಿಂದ ಮೇ ತನಕ ಹಾಯಿಯ ಕಾಲ. ಮಳೆಗಾಲ ಬಂದೊಡನೆ ದೋಣಿಗಳನ್ನು ದಡಕ್ಕೆ ಏರಿಸುತ್ತಾರೆ. ತಳ ಕೆಸರು, ನೀರು ಎಷ್ಟು ರಾಡಿಯೆಂದರೆ ಮುಳುಗಿದವನು ಕಣ್ಣಿನಿಂದಲ್ಲ, ಕೈಯಿಂದ ನೋಡಬೇಕು. ಅಮಾವಾಸ್ಯೆ ಹುಣ್ಣಿಮೆಗಳ ಭರತ ಇಳಿತಗಳ ನಡುವೆ ನೀರು ನಾಲ್ಕು ಮೀಟರಿಗೂ ಹೆಚ್ಚು ಏರಿಳಿಯುವುದುಂಟು. ಇಂಥ ಕಡೆ ಬೋಯಾವನ್ನು ಹಾಕುವುದೂ ನೋಡಿಕೊಳ್ಳುವುದೂ ಖರ್ಚಿನ ಮಾತು. ಆದ್ದರಿಂದ ಅದನ್ನು ಹೊತ್ತುಕೊಂಡವರು ಹೆಚ್ಚಾಗಿ ಕ್ಲಬ್ಬುಗಳವರು ಮತ್ತು ದೋಣಿಯ ಒಡೆಯರು. ತಮ್ಮ ಹಣದಿಂದ ಹಾಕಿದ್ದನ್ನು ತಮ್ಮದೆನ್ನುವುದರಲ್ಲಿ ತಪ್ಪಿಲ್ಲ.

ಆದರೆ ಕಡಲು ಯಾರ ಹಣದಿಂದಲೂ ಆದದ್ದಲ್ಲ. ಸಣ್ಣ ದೋಣಿಯೊಂದನ್ನು ಕೂಡಿ ಕೊಂಡ ನಾಲ್ವರು ಗೆಳೆಯರು, ಹಾಯಿ ಕಲಿಯಬೇಕೆಂಬ ಕೋಳಿಯರ ಹುಡುಗ, ಸಂಸಾರ ಸಮೇತ ಒಂದು ಮಧ್ಯಾಹ್ನ ನೀರಿನ ಮೇಲೆ ಕಳೆಯಬೇಕೆಂಬ ಮಧ್ಯಮವರ್ಗದವನು, ಇವರೆಲ್ಲರಿಗೂ ಕ್ಲಬ್ಬಿನ ಬಾಗಿಲು ದೂರ. ಮೈದಾನವಿದ್ದರೆ ಕ್ರಿಕೆಟ್ಟು ಬಡವರ ಮಕ್ಕ‌ಳಿಗೂ ಬರುತ್ತದೆಂಬುದನ್ನು ಶಿವಾಜಿ ಪಾರ್ಕು ತೋರಿಸಿಕೊಟ್ಟಿದೆ. ಸಾರ್ವಜನಿಕ ಬೋಯಾ ಎಂದರೆ ನೀರಿನ ಮೇಲಿನ ಮೈದಾನ. ಅದು ಶ್ರೀಮಂತರ ಸೌಕರ್ಯವಲ್ಲ; ಶ್ರೀಮಂತರಿಗೆ ತಮ್ಮದೇ ಇದೆ.

ನಮ್ಮ ಪಶ್ಚಿಮ ತೀರದಲ್ಲಿ ಹವಳವೂ ಇದೆಯೆಂಬುದನ್ನು ಮರೆಯಬಾರದು. 1987ರಲ್ಲಿ ಅಭಯಧಾಮವೆಂದು ಸಾರಲ್ಪಟ್ಟ ಮಾಲವಣದ ಕಡಲು ನಮಗೆ ರಜೆಯ ದಾರಿಯಲ್ಲೇ ಸಿಕ್ಕುತ್ತದೆ. ಉತ್ತರ ಕನ್ನಡದ ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ದ್ವೀಪ. ಅದರ ಸುತ್ತ ಹವಳವೂ ಬಣ್ಣಬಣ್ಣದ ಮೀನುಗಳೂ. ಊರಿಗೆ ಹೋದಾಗ ದೇವರ ದರ್ಶನದ ಜೊತೆಗೆ ಮುಳುಗಿ ಮೀನು ನೋಡಿ ಬರುವ ಹೊಸ ಯಾತ್ರೆಯೊಂದು ನಮ್ಮ ಯುವಕರಲ್ಲಿ ಬೆಳೆದಿದೆ. ಸಂತೋಷದ ವಿಷಯ. ಹೋದವರು ದೋಣಿಯವರನ್ನು ಮೆಲ್ಲಗೆ ಒಂದು ಮಾತು ಕೇಳಿ: “ಅಣ್ಣಾ, ದೋಣಿ ಯಾವುದಕ್ಕೆ ಕಟ್ತೀರಿ? ಲಂಗರು ಹವಳದ ಮೇಲೆ ಬೀಳೋದಿಲ್ಲ ತಾನೆ?” ಗದರಿಸಿ ಕೇಳಬೇಡಿ, ಅವರ ಹೊಟ್ಟೆಪಾಡೂ ಆ ಹವಳದ ಮೇಲೆಯೇ ನಿಂತಿದೆ, ಅದು ಅವರಿಗೂ ಗೊತ್ತು. ಕೇಳುವವರು ಹತ್ತು ಜನರಾದರೆ ಹನ್ನೊಂದನೆಯವರು ಕೇಳುವ ಮೊದಲೇ ಉತ್ತರ ಸಿದ್ಧವಾಗಿರುತ್ತದೆ.

ಬೋಯಾ ಇದ್ದ ಕಡೆ ಇನ್ನೊಂದು ಮಾತು ಕೇಳಬೇಕು: “ಇದನ್ನು ಕಡೆಯ ಸಲ ನೋಡಿದ್ದು ಯಾವಾಗ?” ನಮ್ಮ ಮನೆಗಳ ಅಡಿಗೆ ಅನಿಲದ ಸಿಲಿಂಡರನ್ನು ನೋಡಿದ್ದೀರಷ್ಟೆ. ಅದರ ಕತ್ತಿನ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದೂ ಪಕ್ಕದಲ್ಲಿ ವರ್ಷದ ಅಂಕೆಯೂ ಇರುತ್ತವೆ. ಅದು ವರ್ಷದ ಯಾವ ತ್ರೈಮಾಸಿಕದೊಳಗೆ ಮುಂದಿನ ಪರೀಕ್ಷೆ ಆಗಬೇಕೆಂಬ ಗಡುವು. ಗಡುವು ದಾಟಿದ್ದನ್ನು ಗೃಹಿಣಿ ಹಿಂದಕ್ಕೆ ಕಳಿಸಬಹುದು. ಇದೇ ಪದ್ಧತಿ ಬೋಯಾಕ್ಕೆ ಏಕೆ ಬಾರದು? ಸಂಖ್ಯೆ, ಹೊರಬಲ್ಲ ದೋಣಿಯ ಉದ್ದ, ಕೊನೆಯ ಪರೀಕ್ಷೆಯ ತಿಂಗಳು, ಈ ಮೂರನ್ನು ಬೋಯಾದ ಮೈಮೇಲೆ ದಪ್ಪಕ್ಷರದಲ್ಲಿ ಬರೆದರೆ ಹೆಚ್ಚಿನ ಖರ್ಚೇನೂ ಇಲ್ಲ. ಬರೆಯಬೇಕಾದರೆ ಪರೀಕ್ಷೆ ಮಾಡಲೇಬೇಕಾಗುತ್ತದೆ. ತಿಂಗಳು ಹಳೆಯದಾದರೆ ಓದಬಲ್ಲ ಪ್ರತಿಯೊಬ್ಬನೂ ಕೇಳುತ್ತಾನೆ. ಇಡೀ ಇಲಾಖೆಯ ಮೇಲೆ ಇದಕ್ಕಿಂತ ಅಗ್ಗದ ಮೇಲ್ವಿಚಾರಕನನ್ನು ನೇಮಿಸುವುದು ಸಾಧ್ಯವಿಲ್ಲ.

ಬಂದರು, ಪ್ರವಾಸೋದ್ಯಮ, ಅರಣ್ಯ ಇಲಾಖೆಗಳಲ್ಲಿ ನಮ್ಮ ಕನ್ನಡಿಗರು ಎಷ್ಟೋ ಜನ ಮೇಜಿನ ಹಿಂದೆ ಕುಳಿತಿದ್ದಾರೆ. ಅವರಲ್ಲಿ ಯಾರ ಮುಂದಾದರೂ ಒಂದು ದಿನ ಬೋಯಾ ಹಾಕುವ ಯೋಜನೆಯ ಕಡತ ಬಂದೀತು. ಹಾಕುವ ಖರ್ಚಿನ ಕೆಳಗೆ ‘ಪ್ರತಿವರ್ಷ ನೋಡಿಕೊಳ್ಳುವ ಖರ್ಚು’ ಎಂಬ ಸಾಲು ಇದೆಯೆ ಎಂದು ನೋಡಿ. ಇಲ್ಲದಿದ್ದರೆ ಪಕ್ಕದಲ್ಲಿ ಒಂದು ಟಿಪ್ಪಣಿ ಬರೆದು ಕಡತವನ್ನು ಹಿಂದಕ್ಕೆ ಕಳಿಸಿ. ಆ ಟಿಪ್ಪಣಿಗೆ ಯಾರೂ ಪೇಡೆ ಹಂಚುವುದಿಲ್ಲ. ಎಂದೋ ಒಂದು ರಾತ್ರಿ ಗಾಳಿ ಎದ್ದಾಗ ಯಾರದೋ ಮಕ್ಕಳು ದೋಣಿಯೊಳಗೆ ಎಚ್ಚರಗೊಳ್ಳದೆ ನಿದ್ದೆಮಾಡಿರುತ್ತಾರೆ.